ಕಿವಿರಿನ ಕೆಂಪು

ಸಾಯುವುದು ದೀಪವಲ್ಲ.
ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ,
ಬಂದರಿನ ಧಕ್ಕೆಯ ಹೊರಗೆ,
ಮಂಜುಗಡ್ಡೆಯ ಲಾರಿ ತೊಟ್ಟಿಕ್ಕುವ ಕಡೆ
ಮಡಚುವ ಮೇಜೊಂದರ ಹಿಂದೆ ಕೂತು.
ಆ ಸಾಸಿವೆಕಾಳಿನಷ್ಟು ಎಲ್‌ಇಡಿ
ನನಗಿಂತ, ನಿಮಗಿಂತ ಹೆಚ್ಚು ಬಾಳೀತು.
ಸಾಯುವುದು ಸ್ಪ್ರಿಂಗು.
ಸಾಯುವುದು ಗುಂಡಿಯ ಅಡಿಯ ತಗಡಿನ ನಾಲಗೆ.
ಉಪ್ಪುಗಾಳಿ ಕಚ್ಚಿ ಹಸಿರು ಹುಡಿ ಕೂತಿತೋ,
ಸೆಲ್ಲು ನಿನ್ನೆಯದಾದರೂ
ಕತ್ತಲೆಯೇ.

ನನ್ನ ಡಬ್ಬಿಯಲ್ಲಿ ಉಂಟು
ಉಗುರಿನಷ್ಟು ಮರಳುಕಾಗದ,
ಮಗಳು ಅರ್ಧ ಸವೆಸಿದ ಶಾಲೆಯ ರಬ್ಬರು,
ಅರ್ಜೆಂಟಿನವರಿಗೆ ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದ.

ನಾಲ್ಕು ಗಂಟೆಯ ಜಾವಕ್ಕೆ
ಹೊಯ್ಗೆಬಜಾರಿನಿಂದ ಸುಗಂಧಿ ಕರ್ಕೇರ.
ಸೊಂಟದಲ್ಲಿ ಸಂಚಿ, ಸಂಚಿಯಲ್ಲಿ ಟಾರ್ಚು,
ಟಾರ್ಚಿನ ನಡುವಿಗೆ ರಬ್ಬರ್ ಬ್ಯಾಂಡು.
"ಪುತ್ತುಮೋನು, ಇದು ಪುನಃ ಮುನಿಸಿಕೊಂಡಿದೆ."
ಬಿಚ್ಚುತ್ತೇನೆ, ಉಜ್ಜುತ್ತೇನೆ, ಊದುತ್ತೇನೆ,
ತಿರುಗಿಸಿ ಕೊಡುತ್ತೇನೆ. ಐದು ರೂಪಾಯಿ.
ಕೆಲವು ಸಲ ನಾಳೆ.
ಕೆಲವು ಸಲ ಎರಡು ಬಂಗುಡೆ.

ಹೊತ್ತಿದ ಕೂಡಲೇ ಅವಳು ಬೆಳಕನ್ನು
ಮೀನಿಗೆ ಬಿಡುವುದಿಲ್ಲ.
ಮೊದಲು ತನ್ನ ಅಂಗೈಗೆ.
ಒಂದು ಉಸಿರು ತೆಗೆಯುವಷ್ಟು ಹೊತ್ತು ನೋಡಿ
ಆಮೇಲೆ ಏಲಂ ಕೂಗುವವನ ಕಡೆ ನಡೆಯುತ್ತಾಳೆ.
ಅದು ಯಾಕೆಂದು ನಾನು ಕೇಳಿರಲಿಲ್ಲ.
ಕೆಲವರು ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ,
ಅಂಥದ್ದೇ ಏನೋ ಎಂದುಕೊಂಡಿದ್ದೆ.

ಹೋದ ವರ್ಷ ಮೀನು ಮಾರುವವರ ಸಂಘದಲ್ಲಿ
ಚೀಟಿ ಎತ್ತಿದಾಗ ಅವಳ ಹೆಸರು ಬಂತು.
ಬಹುಮಾನ: ಕಪ್ಪು ಟಾರ್ಚು, ಗೇಣುದ್ದ,
ಮೈಯೆಲ್ಲ ಲೋಹ, ಮೀಟರುಗಟ್ಟಲೆ ನೀರಿಗೆ ಜಗ್ಗದ್ದು,
ಚಾರ್ಜು ಮಾಡಿದರೆ ವಾರ.
ಒಂದು ತಿಂಗಳು ಅದು ಒಮ್ಮೆಯೂ
ನನ್ನ ಮೇಜಿಗೆ ಬರಲಿಲ್ಲ.
ಅವಳೂ.

ಮತ್ತೊಂದು ಜಾವ ಬಂದಳು.
ಅದನ್ನು ನನ್ನೆದುರು ಇಟ್ಟಳು, ಹೊತ್ತಿಸಿಯೇ.
"ಎಂತ, ಹಾಳಾಯಿತಾ?"
"ಹಾಳಾಗಿದ್ದರೆ ಗೊತ್ತಾಗ್ತಿತ್ತಲ್ಲ ಮಾರಾಯಾ,
ಇದು ಸುಳ್ಳು ಹೇಳ್ತದೆ."

ಅದರ ನೀಲಿಬಿಳಿಯಲ್ಲಿ ಕಿವಿರೆಲ್ಲ ಒಂದೇ.
ಇವತ್ತಿನದೂ ಬೂದಿ, ಮೊನ್ನೆಯದೂ ಬೂದಿ.
ಅಂದಾಜಿನ ಮೇಲೆ ಒಂದು ಬಾಕ್ಸು ಎತ್ತಿದ್ದಳು.
ಬಿಜೈಯ ಒಂದು ಮನೆ, ಹದಿನೆಂಟು ವರ್ಷದ ವರ್ತನೆ.
ಅಲ್ಲಿನ ಹೆಂಗಸು ಬಿಸಿಲಿನಲ್ಲಿ
ಕಿವಿರು ಎತ್ತಿ ನೋಡಿದರಂತೆ,
ಮೆಲ್ಲ ಬುಟ್ಟಿಗೆ ವಾಪಸು ಇಟ್ಟರಂತೆ.
"ಒಂದು ಮಾತು ಹೇಳಲಿಲ್ಲ.
ಬೈದಿದ್ದರೆ ಆಗ್ತಿತ್ತು."

ಟಾರ್ಚಿನಲ್ಲಿ ಎರಡೇ ಜಾತಿ ಎಂದಿದ್ದವನು ನಾನು,
ಹೊತ್ತುವುದು, ಹೊತ್ತದ್ದು.
ಆ ದಿನ ಒಂದೇ ಬಂಗುಡೆಯ ಕಿವಿರಿಗೆ
ಎರಡನ್ನೂ ಹಿಡಿದು ನೋಡಿದೆ.
ಹೊಸತರಲ್ಲಿ ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆ.
ಹಳತರಲ್ಲಿ, ಎರಡು ಸಲ ಮಿಟುಕಿ,
ಒಂದು ಪೆಟ್ಟು ತಿಂದು, ಮತ್ತೆ ನಿಂತ ಬೆಳಕಿನಲ್ಲಿ,
ಕೆಂಪು.
ಮುಖದ ಪ್ಲಾಸ್ಟಿಕು ಹಳದಿ ಹಿಡಿದದ್ದಕ್ಕೋ,
ಒಳಗಿನ ದೀಪವೇ ಬೇರೆಯೋ,
ನನಗೂ ಗೊತ್ತಿಲ್ಲ.
ಅವಳ ಅಂಗೈಗೆ ಗೊತ್ತು.

"ಕೈ ಕೊಡುವುದು ಇದಕ್ಕೆ ಅಭ್ಯಾಸ," ಎಂದಳು ಹಳತನ್ನು ಸಂಚಿಗೆ ಹಾಕುತ್ತಾ,
"ಆದರೆ ಕೊಡುವಾಗ ಹೇಳಿಯೇ ಕೊಡ್ತದೆ."
ಹೊಸತನ್ನು ಮುಟ್ಟಲಿಲ್ಲ.
"ಅದು ನಿನಗಿರಲಿ. ತುಕ್ಕು ಹುಡುಕಲಿಕ್ಕೆ ಆಗ್ತದೆ."

ಆಗುತ್ತದೆ, ಹೌದು.
ಈಗ ಆ ಎಂದೂ ಕೆಡದ ಬೆಳಕನ್ನು ಹಲ್ಲಿನಲ್ಲಿ ಕಚ್ಚಿ
ಈ ಕೆಡುವುದರ ಹೊಟ್ಟೆಯೊಳಗೆ ನೋಡುತ್ತೇನೆ,
ಹಸಿರು ಹುಡಿ ಚೆನ್ನಾಗಿ ಕಾಣುತ್ತದೆ.
ಉಜ್ಜುವ ರೇಟು ಹತ್ತಾಗಿದೆ.
ಅವಳು ಐದೇ ಕೊಡುತ್ತಾಳೆ.